ನಮ್ಮ ಹಾಡಿನ ನಾತ

ನಾನು ಬೆಟಗೇರಿಯ ನೇಕಾರರ ಮನೆಯವಳು, ಡ್ರಮ್ಸ್ ಬಾರಿಸುತ್ತೇನೆ ಎಂದು ಗೊತ್ತಾದ ಕೂಡಲೇ ಜನ ಮಗ್ಗದ ಮಾತು ತೆಗೆಯುತ್ತಾರೆ. ಮಗ್ಗದ ಲಯವೇ ನಿಮ್ಮ ಕೈಗೆ ಇಳಿದಿರಬೇಕಲ್ಲವೇ ಎಂದು ಕೇಳುತ್ತಾರೆ. ಕೇಳುವಾಗ ಅವರ ದನಿ ಒದ್ದೆಯಾಗುತ್ತದೆ. ನನಗೆ ಹೇಸಿಗೆಯಾಗುತ್ತದೆ. ನಾನು ನಡೆಯಲು ಕಲಿಯುವ ಮೊದಲೇ ನಮ್ಮ ಮನೆಯ ಮಗ್ಗ ಬಿಚ್ಚಿ ಮಾರಿದ್ದರು. ನೇಯುವವರು ಕಾಲು ಇಳಿಬಿಟ್ಟು ಕೂರುವ ಅದರ ಕುಣಿ ಮುಚ್ಚಿ ಮೇಲೆ ಕಲ್ಲು ಹಾಸಿದ್ದರು. ನಾನು ಕಂಡದ್ದು ಆ ಕಲ್ಲಿನ ಮೇಲೆ ಇಟ್ಟ ಹೊಲಿಗೆ ಯಂತ್ರ ಮತ್ತು ಅದರ ಮುಂದೆ ಬೆನ್ನು ಬಾಗಿಸಿ ಕೂತ ಅವ್ವ.

ಡ್ರಮ್ ಕಲಿಸಿದವನು ಸೋದರಮಾವ. ಅವನು ಮದುವೆ ಮೆರವಣಿಗೆಗಳಿಗೆ ಹೋಗುವ ಬ್ಯಾಂಡ್ ಕಂಪನಿಯಲ್ಲಿ ಬಾರಿಸುತ್ತಿದ್ದ. ಅವನ ಕೆಂಪು ಕೋಟಿಗೆ ಎಷ್ಟು ಒಗೆದರೂ ಹೋಗದ ಹುಳಿ ಬೆವರಿನ ವಾಸನೆ ಇತ್ತು. ಪಕ್ಕದಲ್ಲಿ ಕೂರಿಸಿಕೊಂಡು, “ಮಣಿಕಟ್ಟು ಸಡ್ಲ ಬಿಡಬೇ. ಕೋಲು ತಾನ ಎದ್ದ ಬರ್ತೈತಿ, ನೀ ಎಬ್ಬಸಬ್ಯಾಡ” ಎನ್ನುತ್ತಿದ್ದ. ನನ್ನ ಕೈಯಲ್ಲಿ ಏನಾದರೂ ಇಳಿದಿದ್ದರೆ ಅದು ಇಳಿದದ್ದು ಆ ಕೋಟಿನಿಂದ. ಆದರೆ ಆ ಕೋಟಿನ ಕಥೆ ಯಾರಿಗೂ ಬೇಡ.

ನಮ್ಮ ರಾಕ್ ಬ್ಯಾಂಡಿನಲ್ಲಿ ಇದ್ದವರು ಮೂವರು. ಗಿಟಾರ್ ನುಡಿಸುತ್ತ ಹಾಡುತ್ತಿದ್ದವನು ಲಕ್ಷ್ಮೇಶ್ವರದ ಬಟ್ಟೆ ಅಂಗಡಿಯವರ ಮಗ, ಕಾಲೇಜಿನಿಂದ ನನ್ನ ಗೆಳೆಯ. ಬೇಸ್ ಗಿಟಾರಿನವನು ಮುಂಡರಗಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ನಮ್ಮಿಬ್ಬರಿಗಿಂತ ಸ್ವಲ್ಪ ಚಿಕ್ಕವನು, ನನಗೆ ಅಕ್ಕ ಎನ್ನುತ್ತಿದ್ದ. ನಾನು ಗದಗಿನ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು, ಹುಟ್ಟುಹಬ್ಬ ಆಚರಿಸಿಕೊಳ್ಳುವ ಪುಢಾರಿಗಳ ಮುಖಕ್ಕೆ ಬಿಳುಪು ಹಚ್ಚುವ, ಗದ್ದದ ಕೆಳಗೆ ಜೋಲುವ ಮಾಂಸ ಅಳಿಸುವ ಕೆಲಸ ಮಾಡುತ್ತಿದ್ದೆ. ಈಗಲೂ ಅದನ್ನೇ ಮಾಡುತ್ತೇನೆ.

ತಾಲೀಮು ನಡೆಯುತ್ತಿದ್ದುದು ಗಿಟಾರಿನವನ ಕಾಕಾನ ಖಾಲಿ ಹತ್ತಿ ಗೋದಾಮಿನಲ್ಲಿ. ಭಾನುವಾರ ಬಾಗಿಲು ತೆಗೆದರೆ ಮೊದಲು ಇಲಿಯ ಉಚ್ಚೆಯ ವಾಸನೆ ಮುಖಕ್ಕೆ ಬಡಿಯುತ್ತಿತ್ತು. ಬಾವಲಿಗಳ ಹಿಕ್ಕೆ ಗುಡಿಸಿ, ಡ್ರಮ್ಮಿನ ಮೇಲಿನ ಪ್ಲಾಸ್ಟಿಕ್ ತೆಗೆದು ಶುರು ಮಾಡುತ್ತಿದ್ದೆವು. ಒಂದೇ ನಿಯಮ ಇತ್ತು: ಬೇರೆಯವರ ಹಾಡು ನುಡಿಸಬಾರದು. ನಮ್ಮದೇ ಹಾಡು, ನಮ್ಮ ಮಾತಿನಲ್ಲಿ. ಯಾರಿಗಾದರೂ ಬ್ಯಾಂಡ್ ಕಟ್ಟಿದ್ದೇವೆ ಎಂದರೆ, “ಮದುವಿ ಬರಾತಿಗೆ ಬರ್ತೀರೇನ್ರಿ?” ಎಂದು ಕೇಳುತ್ತಿದ್ದರು. ಅದಕ್ಕೇನೂ ಬೇಜಾರಿರಲಿಲ್ಲ.

ನಮ್ಮ ಹೆಸರು ನಾಲ್ಕು ಊರಿಗೆ ಗೊತ್ತಾದದ್ದು ಒಂದು ಸತ್ತ ಹಂದಿಯಿಂದ.

ನಮ್ಮ ಓಣಿಯ ಗಟಾರದಲ್ಲಿ ಹಂದಿಯೊಂದು ಸತ್ತು ಬಿದ್ದಿತ್ತು. ಯಾರೂ ಎತ್ತಲಿಲ್ಲ. ಅದು ಊದಿತು, ಬಣ್ಣ ಬದಲಾಯಿತು, ಹೊಟ್ಟೆಯ ಮೇಲಿನ ಚರ್ಮ ಬಿಗಿದು ಹೊಳೆಯತೊಡಗಿತು. ನೊಣಗಳ ಗುಂಯ್ ಸದ್ದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಅದೇ ವಾರ ಓಣಿಯ ಬಾಯಿಗೆ ಕಟ್ಟಿದ ಸ್ವಾಗತ ಕಮಾನಿನ ಉದ್ಘಾಟನೆ ಇತ್ತು. ಕಮಾನು ಕಟ್ಟಿಸಿದವರು ನಮ್ಮ ಭಾಗದ ಒಬ್ಬ ಮುಖಂಡರು. ಎಲ್ಲರೂ ಅವರನ್ನು ಸಾಹೇಬ್ರು ಎಂದೇ ಕರೆಯುತ್ತಿದ್ದರು. ಅವರು ಬರುವ ಮುಂಜಾನೆ ಅವರ ಹುಡುಗರು ಬಂದು ಹಂದಿಯನ್ನು ಎತ್ತುತ್ತಾರೆ ಎಂದುಕೊಂಡೆ. ಹುಡುಗರು ಬಂದರು. ಗಟಾರದ ಮೇಲೆ ಹಲಗೆ ಹಾಕಿ, ಅದರ ಮೇಲೆ ಹಸಿರು ಚಾಪೆ ಹಾಸಿ, ಹೂವಿನ ಕುಂಡ ಸಾಲಾಗಿ ಇಟ್ಟರು. ಒಬ್ಬ ಹಲಗೆಯ ಸಂದಿಯಲ್ಲಿ ಕೈ ಇಳಿಬಿಟ್ಟು ಸುವಾಸನೆಯ ಸ್ಪ್ರೇ ಹೊಡೆದ. ಹಂದಿ ಅಲ್ಲೇ ಉಳಿಯಿತು. ಗುಲಾಬಿಯ ವಾಸನೆ, ಅದರ ಕೆಳಗೆ ಕೊಳೆತ ಮಾಂಸದ ವಾಸನೆ. ಎರಡೂ ಸೇರಿ ಗಂಟಲಿಗೆ ಅಂಟಿಕೊಂಡವು.

ಸಾಹೇಬರು ಸ್ವಚ್ಛತೆಯ ಬಗ್ಗೆ ಭಾಷಣ ಮಾಡಿದರು. ಬಂದವರಿಗೆಲ್ಲ ತುಪ್ಪ ಸುರಿದ ಸಿಹಿ ಶಿರಾ, ಉಪ್ಪಿಟ್ಟು ಹಂಚಿದರು. ನಮ್ಮ ಬಾಜೂ ಮನೆಯ ಕಾಕು ಆ ಕುಂಡಗಳ ಪಕ್ಕದಲ್ಲೇ ನಿಂತು ತಿನ್ನುತ್ತಿದ್ದಳು.

“ಕಾಕು, ನಾತ ಬರಂಗಿಲ್ಲೇನು?” ಎಂದೆ.

“ಬರ್ತೈತಿ ಯವ್ವಾ,” ಎಂದಳು ಆಕೆ ಬೆರಳು ನೆಕ್ಕುತ್ತ. “ಶಿರಾನೂ ಚೊಲೋ ಆಗೈತಿ.”

ಮುಂದಿನ ಭಾನುವಾರ ಗೋದಾಮಿನಲ್ಲಿ ಇದನ್ನು ಹೇಳಿದಾಗ ಇಬ್ಬರೂ ಮೊದಲು ನಕ್ಕರು, ಆಮೇಲೆ ಗಿಟಾರ್ ಕೈಗೆತ್ತಿಕೊಂಡರು. ಕತ್ತಲಾಗುವಷ್ಟರಲ್ಲಿ ಹಾಡು ಆಗಿತ್ತು. ಮಾತು ನನ್ನವು, ರಾಗ ಗಿಟಾರಿನವನದು.

ನಾತ ಬರ್ತೈತಿ, ನಾತ ಬರ್ತೈತಿ,
ಮೂಗ ಮುಚ್ಚಾಕ ಕೈ ಖಾಲಿ ಇಲ್ಲ,
ಕೈಯಾಗ ಶಿರಾ ಐತಿ.

ಗಿಟಾರಿನವನು ‘ನಾತ’ ಎಂಬುದನ್ನು ಕೊಯ್ದಂತೆ ಕೂಗುತ್ತಿದ್ದ. ಅವನ ದನಿಯಲ್ಲಿ ಆಗ ನಿಜವಾದ ಓಕರಿಕೆ ಇತ್ತು. ಅದನ್ನು ಇಲ್ಲ ಎಂದು ಹೇಳಲಾರೆ.

ವೇದಿಕೆಗಳಿಗೆ ನಾವೇ ಅಲೆದೆವು. ಲಕ್ಷ್ಮೇಶ್ವರದ ಒಂದು ಕಾಲೇಜಿನ ಸಮಾರಂಭದಲ್ಲಿ ಎರಡನೆಯ ಹಾಡಿಗೆ ವ್ಯವಸ್ಥಾಪಕನೊಬ್ಬ ಬಂದು ಧ್ವನಿವರ್ಧಕದ ಗುಂಡಿ ತಿರುಗಿಸಿ, ಮೈಕಿನಲ್ಲಿ “ಈಗ ಡಿಜೆ” ಎಂದ. ಮುಂಡರಗಿಯಲ್ಲಿ ಒಂದು ಗಣಪತಿ ಮಂಡಳಿಯವರು ಕರೆದಿದ್ದರು. ಅಲ್ಲಿ ನಾಲ್ಕಾರು ಜನ ವೇದಿಕೆಗೆ ಆನಿಕೊಂಡು ನಿಂತು, ಹುಡುಗಿ ಕಾಲು ಅಗಲಿಸಿ ಕೂತು ಡ್ರಮ್ ಬಾರಿಸುವುದನ್ನು ಮೊಬೈಲಿನಲ್ಲಿ ಹತ್ತಿರದಿಂದ ಹಿಡಿಯುತ್ತಿದ್ದರು. ಹಾಡನ್ನು ಯಾರೂ ಕೇಳುತ್ತಿರಲಿಲ್ಲ. ಅವರಲ್ಲಿ ಒಬ್ಬ ತಿರುಗಿ ಗುಟ್ಕಾ ಉಗುಳಿದ. ಅದು ನನ್ನ ದೊಡ್ಡ ಡ್ರಮ್ಮಿನ ಬಿಳಿ ಚರ್ಮದ ಮೇಲೆ ಬಿತ್ತು. ಬೇಕಂತ ಉಗುಳಿದನೋ, ನೋಡದೆ ಉಗುಳಿದನೋ ತಿಳಿಯಲಿಲ್ಲ; ಅವನಿಗೂ ತಿಳಿದಿರಲಿಕ್ಕಿಲ್ಲ. ಕಾಲಿನ ಪೆಡಲ್ ಒತ್ತಿದಾಗಲೆಲ್ಲ ಚರ್ಮ ಅದುರಿ ಆ ಕೆಂಪು ಎಂಜಲು ಸಣ್ಣ ಹನಿಗಳಾಗಿ ಸಿಡಿಯುತ್ತಿತ್ತು. ನಾನು ನಿಲ್ಲಿಸಲಿಲ್ಲ. ಹಾಡು ಮುಗಿದ ಮೇಲೆ ಮಂಡಳಿಯವರಿಗೆ ತೋರಿಸಿದೆ. ಅವರು, “ಗದ್ಲದಾಗ ಆಕ್ಕೈತ್ರಿ. ಒರಸಿದ್ರ ಹೋಕ್ಕೈತಿ” ಎಂದರು. ಒರೆಸಿದೆ. ಹೋಗಲಿಲ್ಲ, ಕಂದು ಕಲೆ ಉಳಿಯಿತು. ಊಟ ಕೊಟ್ಟಾಗ ಕೈ ಮೂಸಿ ನೋಡಿದೆ. ಸಾಬೂನಿನ ಕೆಳಗಿನಿಂದ ಏಲಕ್ಕಿ, ಸುಣ್ಣದ ಘಾಟು ಬಂತು. ತಾಟು ಸರಿಸಿ ಎದ್ದೆ.

ಒಂದೇ ಒಂದು ಸಂಜೆ ಬೇರೆ ಥರ ಇತ್ತು. ಡಂಬಳದ ಕೆಲವು ಹುಡುಗರು ಕೆರೆಯ ಕಡೆಗೆ ಬಯಲು ಹಸನು ಮಾಡಿ, ಟ್ರ್ಯಾಕ್ಟರಿನ ಟ್ರಾಲಿಯನ್ನೇ ವೇದಿಕೆ ಮಾಡಿ ನಮ್ಮನ್ನು ಕರೆದಿದ್ದರು. ಹೊತ್ತು ಮುಳುಗುವ ಸಮಯ. ಜನ ನೆಲದ ಮೇಲೆ ಕೂತಿದ್ದರು. ನಾತದ ಹಾಡು ಶುರುವಾದಾಗ ಮುಂದೆ ಕೂತ ಒಬ್ಬ ಮುದುಕಿ ಗಮನವಿಟ್ಟು ಕೇಳಿದಳು. ಶಿರಾದ ಸಾಲು ಬಂದದ್ದೇ ತಡ, ಬೊಚ್ಚುಬಾಯಿ ತೆರೆದು ನಕ್ಕಳು. ಆಮೇಲೆ ಒಂದು ಕೈಯಿಂದ ಮೂಗು ಹಿಡಿದು ಇನ್ನೊಂದು ಕೈಯಿಂದ ತೊಡೆ ತಟ್ಟತೊಡಗಿದಳು. ಅವಳನ್ನು ನೋಡಿ ಹೆಣ್ಣುಮಕ್ಕಳು, ಅವರನ್ನು ನೋಡಿ ಉಳಿದವರು. ಇಡೀ ಬಯಲು ಮೂಗು ಹಿಡಿದು ಕೂತಿತು. ಇಳಿದು ಬಂದಾಗ ಮುದುಕಿ ನನ್ನ ಗಲ್ಲ ಸವರಿ, “ಖರೇ ಹಾಡಿದ್ರಿ ನೋಡ್ರಬೇ. ಯಾರರೆ ಅನ್ನಬೇಕಾಗಿತ್ತು” ಎಂದಳು.

ಆ ಸಂಜೆಯ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹೋಯಿತು. ಬೆಳ್ಳಟ್ಟಿ, ಶಿರಹಟ್ಟಿ, ಎಲ್ಲ ಕಡೆ ಹುಡುಗರು ಮೂಗು ಹಿಡಿದು ಕುಣಿದು ತಮ್ಮ ವಿಡಿಯೊ ಮಾಡಿ ಹಾಕಿದರು. ಒಂದು ಭಾನುವಾರ ಗೋದಾಮಿಗೆ ಸಾಹೇಬರ ಆಪ್ತ ಸಹಾಯಕ ಬಂದ. ಬಿಳಿ ಅಂಗಿ, ಬಿಳಿ ಬೂಟು, ಮೈತುಂಬ ಅತ್ತರು. ಬಂದವನು ಮೂಗಿಗೆ ಕರ್ಚೀಫು ಹಿಡಿದೇ ಒಳಗೆ ಕಾಲಿಟ್ಟ.

“ಸಾಹೇಬ್ರ ಹುಟ್ಟುಹಬ್ಬ ಐತಿ. ದೊಡ್ಡ ಸ್ಟೇಜ್, ದೊಡ್ಡ ಸೌಂಡ್, ಲೈಟು. ನೀವ ಹಾಡಬೇಕು. ಅದ ಹಾಡು,” ಎಂದ.

“ಅದು ಯಾವದರ ಮ್ಯಾಲಿನ ಹಾಡು ಗೊತ್ತೈತೇನ್ರಿ?” ಎಂದೆ.

“ಗೊತ್ತಿಲ್ದ ಏನು ತಂಗಿ. ಅದಕ್ಕ ಸಣ್ಣ ರಿಪೇರಿ ಮಾಡ್ಯೇವಿ. ‘ನಾತ’ದ ‘ತ’ಕ್ಕ ಹೊಟ್ಟಿ ಸೀಳಿದ್ರ ‘ಥ’ ಆತು. ‘ನಾಥ ಬರ್ತಾನ, ನಾಥ ಬರ್ತಾನ, ಹಾರ ಹಾಕಾಕ ಕೈ ಖಾಲಿ ಇಲ್ಲ.’ ಶಿರಾದ ಸಾಲು ಹಂಗ ಇರ್ಲಿ. ಸಾಹೇಬ್ರು ಅವತ್ತ ಶಿರಾ ಮಾಡಸ್ತಾರ.”

ಬೇಸಿನವನು ಬಾಯಿ ತಪ್ಪಿ, “ಸಾಹೇಬ್ರಿಗೆ ಬರ್ತಾನ ಅಂದ್ರ ನಡೀತೈತೇನ್ರಿ?” ಎಂದ.

“ದೇವರಿಗೆ ಏಕವಚನನ ಅಲ್ಲೇನೋ ತಮ್ಮಾ?” ಎಂದ ಆ ಮನುಷ್ಯ. ತಮಾಷೆ ಮಾಡುತ್ತಿದ್ದಾನೆ ಎಂದು ಮುಖ ನೋಡಿದೆ. ತಮಾಷೆ ಇರಲಿಲ್ಲ.

ಅವನು ಹೋದ ಮೇಲೆ ಗಿಟಾರಿನವನು ನನ್ನ ಕಡೆ ನೋಡದೆ ತಂತಿ ಬಿಗಿಯುತ್ತ ಕೂತ. ನಾನೇ ಕೇಳಿದೆ, “ಏನಲೇ, ಹೋಗಾಂವ ಅದಿಯೇನು?”

“ಎಷ್ಟ ದಿನ ಟ್ರಾಲಿ ಮ್ಯಾಲ ಹಾಡೂದಲೇ? ಹತ್ತು ಸಾವಿರ ಮಂದಿ ಕೇಳ್ತಾರ.”

“ಏನ ಕೇಳ್ತಾರ? ನಾಥ ಅಂತ ಕೇಳ್ತಾರ.”

“ನಮ್ಮ ಕಡೆ ತ ಮತ್ತ ಥ ಯಾರಿಗೆ ಬ್ಯಾರೆ ಕೇಳ್ತೈತಿ?” ಎಂದು ಈಗ ನನ್ನ ಮುಖ ನೋಡಿದ. “ನಾ ನಾಥ ಅಂತೀನಿ, ಮಂದಿ ನಾತ ಅಂತ ಕೇಳ್ತಾರ. ಅವನ ಸ್ಟೇಜ್ ಮ್ಯಾಲ ನಿಂತು, ಅವನ ಮುಂದ, ಅವನಿಗೇ ಬೈದಂಗ ಆತು. ತಿಳ್ಕೊಳ್ಳಲೇ.”

ಜಾಣತನದ ಮಾತು. ಕೇಳಿ ನನಗೆ ಹೇಸಿಗೆಯಾಯಿತು. ಅದು ಜಾಣತನವಾಗಿದ್ದರಿಂದಲೇ ಹಾಗಾಯಿತೋ ಏನೋ. ಬರುವುದಿಲ್ಲ ಎಂದೆ. ಬೇಸಿನವನು ನೆಲ ನೋಡುತ್ತ, “ನನಗ ಒಮ್ಮೆ ದೊಡ್ಡ ಸೌಂಡಿನಾಗ ನುಡಸಬೇಕು ಅನ್ನೂದಿತ್ತಕ್ಕಾ” ಎಂದ. ನಾನು ಮನೆಗೆ ಬಂದೆ.

ಹುಟ್ಟುಹಬ್ಬದ ಸಂಜೆ ಫ್ಲೆಕ್ಸ್ ಅಂಗಡಿ ಮುಚ್ಚುವ ಹೊತ್ತಿಗೆ ಬೇಸಿನವನ ಫೋನು ಬಂತು. “ಅಕ್ಕಾ, ನಿನ್ನ ಡ್ರಮ್ಸು ಸ್ಟೇಜ್ ಮ್ಯಾಲ ಅದಾವ. ಗೋದಾಮಿನಿಂದ ತಂದಾರ. ನನಗ ಈಗ ಗೊತ್ತಾತು.”

ಆ ಡ್ರಮ್ ಸೆಟ್ ನಾನು ಹಗಲೂ ಸಂಜೆಯೂ ದುಡಿದು, ಹಳೆಯದನ್ನು ಹುಬ್ಬಳ್ಳಿಯಿಂದ ತಂದು, ಮಾವನ ಜೊತೆ ಕೂತು ರಿಪೇರಿ ಮಾಡಿದ್ದು. ಅಂಗಡಿಯ ಕೀಲಿ ಮಾಲೀಕನ ಕೈಗಿಟ್ಟು ಗದಗಿನಲ್ಲಿ ಹುಟ್ಟುಹಬ್ಬ ನಡೆಯುತ್ತಿದ್ದ ಮೈದಾನಕ್ಕೆ ಓಡಿದೆ. ಜನರನ್ನು ನೂಕಿ ಮುಂದೆ ಹೋಗುವಷ್ಟರಲ್ಲಿ ಹಾಡು ಶುರುವಾಗಿತ್ತು. ನನ್ನ ಡ್ರಮ್ಮುಗಳ ಹಿಂದೆ, ಎಂದೂ ಕಾಣದ ಒಬ್ಬ ಕಪ್ಪು ಕನ್ನಡಕದವನು ಕೂತಿದ್ದ. ಅವನ ಕೋಲು ಚರ್ಮಕ್ಕೆ ತಾಗುತ್ತಲೇ ಇರಲಿಲ್ಲ. ಆದರೂ ಸದ್ದು ಬರುತ್ತಿತ್ತು. ಎರಡನೆಯ ಸುತ್ತಿನಲ್ಲಿ ಎಡಗೈಯ ಒಂದು ಪೆಟ್ಟು ಕೊಂಚ ತಡವಾಗಿ ಬಿದ್ದಾಗ ಮೈ ಝುಂ ಎಂದಿತು. ಆ ತಡ ನನ್ನದು. ತಾಲೀಮಿನಲ್ಲಿ ಗಿಟಾರಿನವನು ಲ್ಯಾಪ್‌ಟಾಪಿಗೆ ರೆಕಾರ್ಡ್ ಮಾಡಿಟ್ಟ ನನ್ನದೇ ಬಡಿತ ಅದು. ನನ್ನ ಕೈ ಅಲ್ಲಿ ನುಡಿಯುತ್ತಿತ್ತು. ನಾನು ಕೆಳಗೆ ಜನರ ಬೆವರಿನಲ್ಲಿ ಸಿಕ್ಕಿ ನಿಂತಿದ್ದೆ. ನಿರೂಪಕ ಮೈಕು ಹಿಡಿದು, “ಬೆಟಗೇರಿಯ ಮಗ್ಗದ ಲಯ!” ಎಂದು ಕೂಗಿದ. ಕನ್ನಡಕದವನು ಕೋಲು ಎತ್ತಿ ಸಲಾಮು ಹೊಡೆದ.

ಗಿಟಾರಿನವನು ಹೇಳಿದ್ದು ಮಾತ್ರ ಸುಳ್ಳಾಗಲಿಲ್ಲ. ‘ನಾಥ ಬರ್ತಾನ’ ಎಂದು ಅವನು ಕೂಗಿದ ಕೂಡಲೇ ಜನ ಕಿಸಕ್ಕೆಂದು ನಕ್ಕು ಮೂಗು ಹಿಡಿದರು. ಹತ್ತು ಜನ, ನೂರು ಜನ, ಕಣ್ಣು ಹಾಯುವವರೆಗೂ ಮೂಗು ಹಿಡಿದ ಕೈಗಳು. ಒಂದು ಕ್ಷಣ ನನ್ನ ಎದೆ ಹಗುರಾಯಿತು. ಸಿಂಹಾಸನದಂಥ ಕುರ್ಚಿಯಲ್ಲಿ ಕೂತ ಸಾಹೇಬರ ಮುಖವನ್ನೇ ನೋಡಿದೆ. ಅವರು ಎದ್ದು ನಿಂತರು. ಕೊರಳಿನ ಹಾರ ಸರಿಸಿಕೊಂಡು, ಮುಂದೆ ಬಂದು, ಎರಡು ಬೆರಳಿನಿಂದ ತಮ್ಮ ಮೂಗು ಹಿಡಿದು, ಸೊಂಟ ಕುಣಿಸಿದರು. ಮೈದಾನ ಹುಚ್ಚೆದ್ದು ಕೂಗಿತು. ಬೈದವರೂ ಬೈಸಿಕೊಂಡವನೂ ಒಟ್ಟಿಗೆ ಕುಣಿದರು. ಆಮೇಲೆ ಶಿರಾ ಹಂಚಿದರು.

ಜನ ಚದುರಿದ ಮೇಲೆ ಡ್ರಮ್ ಬಿಚ್ಚಲು ವೇದಿಕೆಯ ಹಿಂದೆ ಹೋದೆ. ಗಿಟಾರಿನವನು ಬೆವರು ಒರೆಸಿಕೊಳ್ಳುತ್ತ, ಕಣ್ಣು ಹೊಳೆಯಿಸುತ್ತ ಬಂದ. “ನೋಡಿದೇನಲೇ? ಎಲ್ಲಾರೂ ಮೂಗು ಹಿಡದ್ರು!”

“ಅಂವನೂ ಹಿಡದ,” ಎಂದೆ.

ಅಷ್ಟರಲ್ಲಿ ಸಾಹೇಬರೇ ಪರಿವಾರದೊಂದಿಗೆ ಆ ದಾರಿಯಲ್ಲಿ ಬಂದರು. ಸಹಾಯಕ ನನ್ನ ಕಡೆ ಕೈ ಮಾಡಿ, “ಹಾಡು ಬರದಾಕಿ ಈಕೀನರಿ” ಎಂದ. ಸಾಹೇಬರು ನಿಂತರು. ಅತ್ತರು, ತುಪ್ಪ, ಬಾಡಿದ ಹಾರ, ಬೆವರು ಎಲ್ಲ ಒಟ್ಟಿಗೆ ನನ್ನ ಮೂಗಿಗೆ ಬಂದವು.

“ಭಾಳ ಚೊಲೋ ಹಾಡು ತಂಗಿ,” ಎಂದರು.

“ಅದು ನಾಥ ಅಲ್ರಿ, ನಾತರಿ,” ಎಂದೆ. “ನಿಮ್ಮ ಕಮಾನಿನ ಬಾಜೂಕ ಗಟಾರದಾಗ ಹಂದಿ ಸತ್ತ ಬಿದ್ದಿತ್ತು. ನೀವು ಅದರ ಮ್ಯಾಲ ಹಲಗಿ ಹಾಕಿಸಿ ಭಾಷಣ ಮಾಡಿದ್ರಿ. ಅದರ ಮ್ಯಾಲ ಬರದದ್ದು.”

ಸಹಾಯಕನ ಮುಖ ಬಿಳುಚಿತು. ಸಾಹೇಬರು ಮಾತ್ರ ಹೊಟ್ಟೆ ಕುಲುಕುವಂತೆ ನಕ್ಕರು.

“ಗೊತ್ತೈತಿ ತಂಗಿ. ನನಗ ಮೊದಲನ ಗೊತ್ತಿತ್ತು. ನಾತ ಅನ್ನಲಿ, ನಾಥ ಅನ್ನಲಿ, ಮಂದಿ ಬಾಯಾಗ ನಾ ಇರಬೇಕು. ಅಷ್ಟ.” ನನ್ನ ತಲೆಯ ಮೇಲೆ ಕೈಯಿಟ್ಟು, “ಇನ್ನೂ ಬರೀ,” ಎಂದು ಹೇಳಿ ಮುಂದೆ ನಡೆದರು.

ಅವರಿಗೆ ಸಿಟ್ಟು ಬಂದಿದ್ದರೆ ನಾನು ಆ ರಾತ್ರಿ ಸುಖವಾಗಿ ನಿದ್ದೆ ಮಾಡುತ್ತಿದ್ದೆ. ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡೆ. ಕೂದಲಿನಿಂದ ತುಪ್ಪದ ವಾಸನೆ ಹೋದಂತೆ ಅನಿಸಲೇ ಇಲ್ಲ.

ಬೇಸಿಗೆಯಲ್ಲಿ ಸಾಹೇಬರ ನೀರಿನ ಟ್ಯಾಂಕರುಗಳು ಓಣಿ ಓಣಿಗೆ ಬಂದವು, ಪ್ರತಿಯೊಂದರ ಮೇಲೂ ಅವರ ಮುಖ. ಟ್ಯಾಂಕರ್ ಬಂದದ್ದು ತಿಳಿಯಲಿ ಎಂದು ನಮ್ಮ ಹಾಡು ಹಚ್ಚುತ್ತಿದ್ದರು. ಕೊಡ ಹಿಡಿದ ಹೆಂಗಸರು ‘ನಾಥ ಬರ್ತಾನ’ ಎನ್ನುತ್ತ ಓಡುತ್ತಿದ್ದರು. ಈಗ ಅದನ್ನು ಹಾಡುವಾಗ ಯಾರೂ ಮೂಗು ಹಿಡಿಯುತ್ತಿರಲಿಲ್ಲ. ಒಂದು ಮುಂಜಾನೆ ಅವ್ವ ಜಂಪರಿನ ಅಂಚು ಹೊಲಿಯುತ್ತ ಅದನ್ನೇ ಗುನುಗುತ್ತಿದ್ದಳು.

“ಅದನ್ನ ಹಾಡಬ್ಯಾಡಬೇ ಯವ್ವಾ,” ಎಂದೆ.

“ಯಾಕ? ನೀನ ಮಾಡಿದ್ದಲ್ಲ? ಬಾಯಾಗ ಕುಂತ ಬಿಡ್ತೈತಿ ನೋಡು,” ಎಂದಳು ಅವ್ವ, ನಿಜವಾದ ಹೆಮ್ಮೆಯಿಂದ. ನಾನು ಎದ್ದು ಹೊರಗೆ ಹೋದೆ.

ಗಿಟಾರಿನವನು ಆಮೇಲೆ ಎರಡು ಸಲ ಫೋನು ಮಾಡಿದ. ಅವನಿಗೆ ಹಲವು ಊರುಗಳಿಂದ ಕರೆ ಬರುತ್ತಿತ್ತು, ಬೇರೆ ಬೇರೆ ಪುಢಾರಿಗಳ ಹುಟ್ಟುಹಬ್ಬಕ್ಕೆ ಅದೇ ಹಾಡಿನ ಅಕ್ಷರ ತಿದ್ದಿ ಹಾಡುತ್ತಿದ್ದ. ನಾನು ಎತ್ತಲಿಲ್ಲ. ಅವನ ಮೇಲಿನ ಸಿಟ್ಟು ಬೇಗ ಇಳಿಯಿತು. ಉಳಿದದ್ದು ಹೇಸಿಗೆ. ಅದು ಅವನೊಬ್ಬನ ಮೇಲಿನದೂ ಅಲ್ಲ. ಶಿರಾದ ಮೇಲೆ, ಚಪ್ಪಾಳೆಯ ಮೇಲೆ, ಬೈಗುಳವನ್ನೂ ಜೀರ್ಣಿಸಿಕೊಳ್ಳುವ ಆ ದೊಡ್ಡ ಹೊಟ್ಟೆಯ ಮೇಲೆ.

ಮಳೆಗಾಲದ ಮೊದಲಲ್ಲಿ ಬೇಸಿನವನು ನಮ್ಮ ಮನೆಗೆ ಬಂದ. ಅವ್ವ ಕೊಟ್ಟ ಚಹಾ ಕುಡಿದು ಕಪ್ಪು ಕೆಳಗಿಟ್ಟ. “ಹುಟ್ಟುಹಬ್ಬದ ದಿನ ನಾ ನುಡಸಿಲ್ಲಕ್ಕಾ” ಎಂದ.

“ನಾ ನೋಡೀನಲ್ಲೋ. ಸ್ಟೇಜ್ ಮ್ಯಾಲ ಇದ್ದಿ.”

“ಇದ್ನಿ. ಎರಡನೇ ಸಾಲಿಗೆ ನನ್ನ ಗಿಟಾರಿನ ವೈರ್ ಕಿತ್ತೆ. ಸೌಂಡ್ ಕಡಿಮಿ ಆಗಿ ಮಂದಿ ತಿರುಗಿ ನೋಡ್ತಾರ ಅಂತ ಮಾಡಿದ್ದೆ. ಏನೂ ಕಡಿಮಿ ಆಗ್ಲಿಲ್ಲ. ನಂದೂ ಲ್ಯಾಪ್‌ಟಾಪಿನಾಗ ಇತ್ತು.” ಅವನು ನಗಲು ನೋಡಿದ, ಆಗಲಿಲ್ಲ. “ಅಷ್ಟ ದೊಡ್ಡ ಸೌಂಡಿನಾಗ ಒಬ್ರೂ ನುಡಸಾಕತ್ತಿದ್ದಿಲ್ಲ.”

ಈಗ ನಾವಿಬ್ಬರೇ ನುಡಿಸುತ್ತೇವೆ, ಡ್ರಮ್ಸು ಮತ್ತು ಬೇಸು. ಜಾಗ ಮುಳಗುಂದದಲ್ಲಿ ಅವನ ಗೆಳೆಯನೊಬ್ಬನ ಹೊಲದ ಶೆಡ್ಡು. ಗೊಬ್ಬರದ ಚೀಲಗಳ ಘಾಟಿಗೆ ಕಣ್ಣು ಉರಿಯುತ್ತದೆ. ನಮ್ಮ ಹಾಡುಗಳಿಗೆ ಮಾತಿಲ್ಲ. ನಾನೇ ಬೇಡ ಎಂದೆ. ಮಾತಿದ್ದರೆ ಯಾರೋ ಬಂದು ಅಕ್ಷರದ ಹೊಟ್ಟೆ ಸೀಳುತ್ತಾರೆ. ಅಲ್ಲಿ ಒಂದು ಸಂಜೆ ಊರಿನ ಕೆಲವರನ್ನು ಕರೆದು ನುಡಿಸಿದೆವು. ಎರಡನೆಯ ಹಾಡಿಗೆ ಒಬ್ಬ ಹಿರಿಯ ರೈತ ಎದ್ದು, “ಮಾತು ಎಲ್ಲ್ಯಾವ್ರಿ? ಜನರೇಟರ್ ಹಚ್ಚಿದಂಗ ಐತಿ” ಎಂದು ಹೊರಟುಹೋದರು. ಉಳಿದವರು ಮರ್ಯಾದೆಗೆ ಕೂತರು.

ಎಲ್ಲರೂ ಹೋದ ಮೇಲೆ ಚೀಲಗಳ ಮೇಲೆ ಕೂತು ಬೇಸಿನವನು ಹೇಳಿದ, “ಅವರಂದದ್ದು ಖರೆ ಐತಕ್ಕಾ. ಮಾತು ಬೇಕು.”

“ಬ್ಯಾಡ.”

“ಅವರು ಕೆಡಸ್ತಾರ ಅಂತ ನಾವು ಬಾಯಿ ಮುಚ್ಚೂದೇನು?”

ನಾನು ಎದ್ದು ಡ್ರಮ್ಮಿನ ಮೇಲೆ ಪ್ಲಾಸ್ಟಿಕ್ ಹೊದಿಸಿದೆ. ಹೋದ ವಾರ ಅವನು ತಾನೇ ಒಂದು ಸಾಲು ಕಟ್ಟಿಕೊಂಡು ಬಂದಿದ್ದ. ನಾಚಿಕೊಂಡು, ಗೋಡೆಯ ಕಡೆ ಮುಖ ಮಾಡಿ ಹಾಡಿದ. ಸಾಲು ಚೆನ್ನಾಗಿರಲಿಲ್ಲ, ದನಿ ಅದಕ್ಕಿಂತ ಕೆಟ್ಟದಾಗಿತ್ತು. ನಾನು ಕೋಲು ಕೈಗೆ ತೆಗೆದುಕೊಂಡು, ಇನ್ನೊಮ್ಮೆ ಹಾಡು ಎಂದೆ.